ಪದ ಬೇಕು, ತುರ್ತು: ಕಯಾಪೊ ಜನರ ಗರಿಯ 'ಕಿರೀಟ'

ಎಲ್ಲರಿಗೂ ನಮಸ್ಕಾರ. ಒಂದು ಫೋಟೋ ಪ್ರದರ್ಶನದ ಅಡಿಬರಹಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಹನ್ನೊಂದಕ್ಕೆ ಪ್ರಿಂಟಿಗೆ ಹೋಗಬೇಕು. ಒಂದು ಫೋಟೋದಲ್ಲಿ ಬ್ರೆಜಿಲಿನ ಶಿಂಗು ನದಿ ಕಡೆಯ ಕಯಾಪೊ ಬುಡಕಟ್ಟಿನ ಹುಡುಗ, ಹತ್ತು ವರ್ಷ ಇರಬಹುದು. ಮುಖಕ್ಕೆ ಕಪ್ಪು ಬಣ್ಣ. ತಲೆ ಸುತ್ತ ಮಕಾವ್ ಗಿಳಿಯ ನೀಲಿ, ಕೆಂಪು ಗರಿಗಳನ್ನು ಹತ್ತಿ ದಾರದಲ್ಲಿ ಒತ್ತೊತ್ತಾಗಿ ಕಟ್ಟಿದ್ದಾರೆ. ಪೋರ್ಚುಗೀಸಿನಲ್ಲಿ ಇದಕ್ಕೆ 'ಕೊಕಾರ್'.

'ಗರಿಕಿರೀಟ' ಅಂತ ಹಾಕಿದ್ದೆ. ಈಗ ಕಸಿವಿಸಿ. ಅವರಲ್ಲಿ ರಾಜರೇ ಇಲ್ಲ. ಯಾವ ತೊಡುಗೆ ಯಾರು ತೊಡಬಹುದು ಅನ್ನೋ ಹಕ್ಕು ಹುಡುಗನಿಗೆ ಸೋದರಮಾವನಿಂದಲೋ ತಾತನಿಂದಲೋ ಬರುತ್ತದೆ, ಹೆಸರು ಬಂದ ಹಾಗೇ. ಹುಡುಗಿಗಾದರೆ ಸೋದರತ್ತೆ ಇಲ್ಲವೇ ಅಜ್ಜಿಯಿಂದ. ಆ ಆಸ್ತಿಗೆ 'ನೆಕ್ರೆಚ್' ಅಂತಾರೆ. ಒಂದು ಪದ ಕೊಡಿ.
– ವಿ., ಬೆಂಗಳೂರು

ತುರಾಯಿ. ಮುಗೀತು.
– ಬ., ಧಾರವಾಡ

ತುರಾಯಿ ಅರಬ್ಬಿಯ 'ತುರ್ರಾ'. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಗೆ ಸೇರು ಹಿಡಿದು ಹೋಗೋದು ಯಾಕೆ? 'ಗರಿಮುಡಿ' ಅನ್ನಿ. ನಾವು ಹೂ ಮುಡಿಯುತ್ತೇವೆ. ತಮಿಳಿನಲ್ಲಿ ಮುಡಿ ಅಂದರೆ ಕಿರೀಟವೇ. ಸಂಸ್ಕೃತದ ಮುಕುಟಕ್ಕೂ ಮೂಲ ಇದೇ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಯಾರೂ ಕಿವಿಗೆ ಹಾಕಿಕೊಂಡಿಲ್ಲ.
– ಶಂ., ಮೈಸೂರು

ಮತ್ತೆ ಮುಕುಟ ಶುರುವಾಯ್ತಾ. ಸ್ವಾಮಿ, ನಮ್ಮ ಕಡೆ ಮುಡಿ ಅಂದರೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ. ಗರಿ ಅಂದರೆ ತೆಂಗಿನ ಗರಿ. ಹುಡುಗನ ತಲೆ ಮೇಲೆ ಗೋಡೌನ್ ಹೊರಿಸಬೇಡಿ. ಭೂತಕೋಲದಲ್ಲಿ ತಲೆಯ ಹಿಂದೆ ಎತ್ತರಕ್ಕೆ ಕಟ್ಟುವ 'ಅಣಿ'ಯ ಮಾತನ್ನು ಯಾರಾದರೂ ಎತ್ತುವ ಮೊದಲೇ ಹೇಳ್ತೇನೆ: ಅದು ದೈವದ್ದು, ಬಿಟ್ಟುಬಿಡಿ.
– ರ., ಉಡುಪಿ

ಕಿರೀಟ ಯಾಕಾಗಬಾರದು? 2023ರ ಜನವರಿ 1ರಂದು, ಬ್ರೆಜಿಲಿನ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಲೂಲಾ ಜೊತೆ ಅಧ್ಯಕ್ಷರ ಭವನದ ಇಳಿಜಾರು ಹತ್ತಿದ ರಾವೊನಿ, ಕಯಾಪೊ ಮುಖಂಡರು, ಹಳದಿ ಗರಿ ತೊಟ್ಟಿದ್ದರಲ್ಲ.
– ನಾ., ಶಿವಮೊಗ್ಗ

ಮುಖಂಡರು ಹೌದು. ಆ ಗರಿ ತೊಟ್ಟಿದ್ದಕ್ಕೆ ಮುಖಂಡರಾಗಲಿಲ್ಲ. ಕಿರೀಟ ಸಿಂಹಾಸನದ ಜೊತೆ ಬರುತ್ತೆ, ಇದು ಹೆಸರಿನ ಜೊತೆ. ಇಷ್ಟೇ ವ್ಯತ್ಯಾಸ, ಆದರೆ ಅಡಿಬರಹದಲ್ಲಿ ಅದೇ ಮುಖ್ಯ ಅಲ್ವಾ?
– ವಿ.

ಎರವಲು ಕಂಡರೆ ಮೂಗು ಮುರಿಯುವ ಶಂ. ಅವರಿಗೆ: 'ಕೊಕಾರ್' ಪೋರ್ಚುಗೀಸರದ್ದೂ ಅಲ್ಲ, ಫ್ರೆಂಚಿನ 'ಕೊಕಾರ್ಡ್'. ಟೋಪಿಗೆ ಸಿಕ್ಕಿಸುವ ರಿಬ್ಬನ್ ಬಿಲ್ಲೆ. ಎರವಲು ತಂದು ಕಾಡಿನ ಜನರ ತಲೆಗೆ ಕಟ್ಟಿದ್ದಾರೆ, ಯಾರೂ ಸತ್ತಿಲ್ಲ. ಇನ್ನು ನಮ್ಮ ಪೇಪರುಗಳಲ್ಲಿ 'ಸಾಧನೆಯ ಕಿರೀಟಕ್ಕೆ ಮತ್ತೊಂದು ಗರಿ'. ಕೃಷ್ಣನ ನವಿಲುಗರಿ ಬಿಟ್ಟರೆ ಕಿರೀಟಕ್ಕೆ ಗರಿ ಸಿಕ್ಕಿಸೋದನ್ನ ಯಾವೂರಲ್ಲಿ ನೋಡಿದ್ದೀರಿ? 'ಫೆದರ್ ಇನ್ ದ ಕ್ಯಾಪ್' ಅನ್ನೋ ಇಂಗ್ಲಿಷರ ಟೋಪಿಯಿಂದ ಉದುರಿದ್ದು. ಅದರ ಬಗ್ಗೆ ಮಾತ್ರ ಯಾರಿಗೂ ಸಿಟ್ಟಿಲ್ಲ.
– ಬ.

ನನಗಿದೆ. 2 ಪುಟ ಬರೆದಿಟ್ಟಿದ್ದೇನೆ, ಕಳಿಸಲಾ?
– ಶಂ.

ಬೇಡ.
– ರ.

ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಹೇಳೋದು ಮರೆತಿದ್ದೆ. ಕಯಾಪೊ ಭಾಷೆಯಲ್ಲಿ ಹಬ್ಬದ ಕುಣಿತಕ್ಕೂ ಹಾರುವುದಕ್ಕೂ ಒಂದೇ ಮಾತು. ಗರಿ ತೊಟ್ಟವನು ಕುಣಿದರೆ ಹಾರಿದ ಹಾಗೇ. ಇಲ್ಲಿರೋದು ರಾಜನಲ್ಲ, ಹಕ್ಕಿ. ಹಾಗಾಗಿ ಕಿರೀಟ ತೆಗೆದು 'ಗರಿಯ ತಲೆತೊಡುಗೆ' ಅಂತ ಕಳಿಸಿಬಿಟ್ಟೆ. ಕೆಳಗೆ ಸೋದರಮಾವನ ಬಗ್ಗೆ ಒಂದು ಸಾಲು ಸೇರಿಸಿದ್ದೇನೆ.
– ವಿ.

ತೊಡುವುದು ಮೈಗೆ. ತಲೆಗೆ ಮುಡಿಯುವುದು.
– ಶಂ.