2,400 ಪುಸ್ತಕ, ಒಂದು ಲ್ಯಾಪ್‌ಟಾಪ್, ನೆಟ್‌ವರ್ಕ್ ಇಲ್ಲ: ಎಲ್ಲಿಂದ ಶುರು ಮಾಡಬೇಕು?

ಅಘನಾಶಿನಿ ಅಕ್ಕೋರು
ಕುಮಟಾ ತಾಲೂಕಿನ ಪ್ರೌಢಶಾಲೆ, 180 ಮಕ್ಕಳು. ಪುಸ್ತಕಗಳ ಲೆಕ್ಕ ಇನ್ನೂ ಕೈಬರಹದ ಅಕ್ಸೆಶನ್ ರಿಜಿಸ್ಟರಿನಲ್ಲೇ (ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆ ಕೊಟ್ಟು ಬರೆಯುವ ದಾಖಲೆ) ಇದೆ. ಒಂದು ಲ್ಯಾಪ್‌ಟಾಪ್ (4 ಜಿಬಿ ರ‍್ಯಾಮ್), ಒಂದು ಪ್ರೊಜೆಕ್ಟರ್, 6 ಟ್ಯಾಬ್ ಇವೆ. ಮಳೆಗಾಲದಲ್ಲಿ ಕರೆಂಟಿನ ಭರವಸೆಯಿಲ್ಲ, ಸಿಗ್ನಲ್ ಅಂಗಳಕ್ಕೆ ಬಂದರೆ ಮಾತ್ರ. ಗ್ರಂಥಾಲಯವನ್ನು ಗಣಕೀಕರಿಸಬೇಕು, ಅದು ಪಾಠಕ್ಕೂ ಒದಗಬೇಕು. ಯಾವ ಸಾಫ್ಟ್‌ವೇರ್ ಹಾಕಲಿ?

ಶಿರಸಿ ಗ್ರಂಥಪಾಲಕ
ಅಕ್ಕೋರೇ, ಸಾಫ್ಟ್‌ವೇರ್ ಆಮೇಲೆ ನೋಡೋಣ. ಮೊದಲು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಉಚಿತ ಸ್ಪ್ರೆಡ್‌ಶೀಟಿನಲ್ಲಿ ಒಂದು ಹಾಳೆ ಮಾಡಿ: ಅಕ್ಸೆಶನ್ ಸಂಖ್ಯೆ, ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಬೆಲೆ, ವರ್ಗಸಂಖ್ಯೆ, ಕಪಾಟು. ಸಾಲಿಗೆ ಒಂದೂವರೆ ನಿಮಿಷ ಹಿಡಿದರೂ 60 ಗಂಟೆಯ ಕೆಲಸ. ಇದು ಸರಿಯಾದರೆ ನಾಳೆ ಯಾವ ಸಾಫ್ಟ್‌ವೇರಿಗೂ ಹೋಗುತ್ತದೆ.

ಎಡವುವುದು ಇಲ್ಲಿ. ಅಕ್ಸೆಶನ್ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತು ಮಾಡಿ. ಇಲ್ಲದಿದ್ದರೆ 00417 ಎಂದು ಹೊಡೆದದ್ದು 417 ಆಗಿ, ಮುಂದೆ ಪುಸ್ತಕಕ್ಕೆ ಅಂಟಿಸುವ ಬಾರ್‌ಕೋಡ್ ಜೊತೆ ತಾಳೆಯಾಗುವುದಿಲ್ಲ. ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವುದಾದರೆ ಯೂನಿಕೋಡ್ ಆಯ್ಕೆಯಲ್ಲೇ ಮಾಡಿ. ಹಳೆಯ ಆಸ್ಕಿ ಅಕ್ಷರ ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಚಿಹ್ನೆ, ಹುಡುಕಿದರೆ ಸಿಗದು.

ಇನ್ನೊಂದು ಕಣ್ಣಿಗೆ ಬೀಳುವುದೇ ಇಲ್ಲ. ‘ಕಾದಂಬರಿ’ ಮತ್ತು ‘ಕಾದ೦ಬರಿ’ ನೋಡಿ. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿದೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ, ಹಾಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ಬರುವುದಿಲ್ಲ. ವಾರಕ್ಕೊಮ್ಮೆ ಶೀರ್ಷಿಕೆ ಮತ್ತು ಲೇಖಕರ ಕಾಲಮ್ಮಿನಲ್ಲಿ ೦ ಹುಡುಕಿ ಂ ಹಾಕಿ. ‘೧೦’ ಎಂಬಂಥ ನಿಜವಾದ ಅಂಕಿ ಇರಬಹುದು, ಆದ್ದರಿಂದ ಒಂದೊಂದಾಗಿ ನೋಡಿಯೇ ಬದಲಿಸಿ.

ವರ್ಗಸಂಖ್ಯೆಗೆ ಡ್ಯೂಯಿ ಪದ್ಧತಿ (ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವುದು) ಸಾಕು. ಕನ್ನಡ ಸಾಹಿತ್ಯವನ್ನೆಲ್ಲ 894.814ರಲ್ಲೇ ತುಂಬಬೇಡಿ: ಕಾವ್ಯ 894.8141, ನಾಟಕ 894.8142, ಕಥೆ-ಕಾದಂಬರಿ 894.8143.

ಕಾರವಾರ ಮಾಸ್ತರು
ಬಾರ್‌ಕೋಡ್ ಬಗ್ಗೆ. ಎ4 ಸ್ಟಿಕರ್ ಹಾಳೆಯಲ್ಲಿ 65 ಲೇಬಲ್ ಬರುತ್ತವೆ, 2,400ಕ್ಕೆ 37 ಹಾಳೆ ಬೇಕು. ಹಾಳಾಗುವುದಕ್ಕೆಂದು 3 ಹೆಚ್ಚು ತನ್ನಿ. ಕೋಡ್ 128 ಎಂಬ ಬಾರ್‌ಕೋಡ್ ಮಾದರಿಯಲ್ಲಿ ಲೇಸರ್ ಪ್ರಿಂಟರಿನಿಂದಲೇ ತೆಗೆಸಿ. ನಮ್ಮ ಕರಾವಳಿಯ ತೇವಕ್ಕೆ ಇಂಕ್‌ಜೆಟ್ ಶಾಯಿ ಹರಡುತ್ತದೆ. ಅಂಗಡಿ ಬಿಲ್ಲಿನ ಥರದ ಥರ್ಮಲ್ ಲೇಬಲ್ ಸೆಕೆಗೂ ಟೇಪಿನ ಅಂಟಿಗೂ ಮಾಸುತ್ತದೆ. ಗೆರೆಗಳ ಎರಡೂ ಬದಿ ಬಿಳಿ ಜಾಗ ಬಿಡಬೇಕು, ಅಂಚಿಗೆ ತಾಗಿದರೆ ಸ್ಕ್ಯಾನರ್ ಓದುವುದಿಲ್ಲ. ಹಿಂಬದಿ ರಟ್ಟಿನ ಮೇಲ್ತುದಿಯಲ್ಲಿ ಅಂಟಿಸಿ, ಒಳಗಿನ ಶೀರ್ಷಿಕೆ ಪುಟದಲ್ಲಿ ಅದೇ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆಯಿರಿ. ಲೇಬಲ್ ಉದುರಿದರೂ ಪುಸ್ತಕದ ಗುರುತು ಉಳಿಯುತ್ತದೆ.

ಯುಎಸ್‌ಬಿ ಸ್ಕ್ಯಾನರಿಗೆ ಬೇರೆ ಸಾಫ್ಟ್‌ವೇರ್ ಬೇಡ, ಕೀಬೋರ್ಡಿನ ಹಾಗೆ ಸಂಖ್ಯೆ ಹೊಡೆದು ಎಂಟರ್ ಒತ್ತುತ್ತದೆ. ಮಕ್ಕಳಿಗೆ ಬಿಡಿ ಕಾರ್ಡ್ ಕೊಟ್ಟರೆ ಕಳೆಯುತ್ತಾರೆ. ತರಗತಿಗೊಂದು ಲ್ಯಾಮಿನೇಟ್ ಹಾಳೆ ಮಾಡಿ, ಹೆಸರಿನ ಪಕ್ಕ ಬಾರ್‌ಕೋಡ್ ಹಾಕಿ, ಮೇಜಿನ ಮೇಲೇ ಇಡಿ. 40 ನಿಮಿಷದ ಪೀರಿಯಡ್ಡಿನಲ್ಲಿ ಇಡೀ ತರಗತಿಗೆ ಪುಸ್ತಕ ಕೊಟ್ಟು ಓದಲೂ ಸಮಯ ಉಳಿಯಬೇಕಲ್ಲ.

ಪಾಠಕ್ಕೆ: ಪಠ್ಯದ ಕ್ಯೂಆರ್ ಕೋಡಿನಿಂದ ಸಿಗುವ ದೀಕ್ಷಾ (ಸರ್ಕಾರದ ಕಲಿಕಾ ಜಾಲತಾಣ) ವಿಡಿಯೋಗಳನ್ನು ಸಿಗ್ನಲ್ ಇರುವಲ್ಲಿ ಮುಂಚೆಯೇ ಇಳಿಸಿಕೊಳ್ಳಿ. ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆ ಓದಲು ಕಿವಿಕ್ಸ್ ಎಂಬ ಸಾಫ್ಟ್‌ವೇರ್ ಇದೆ. ಅದು ಓದುವ ಕನ್ನಡದ ಝಿಮ್ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿ, ಅದರಲ್ಲೇ ಇರುವ ಲೋಕಲ್ ಸರ್ವರ್ ಚಾಲೂ ಮಾಡಿ, ಇಂಟರ್ನೆಟ್ ಇಲ್ಲದ ವೈಫೈ ರೌಟರಿಗೆ ಟ್ಯಾಬ್‌ಗಳನ್ನು ಸೇರಿಸಿದರೆ ಆಯಿತು. ಟ್ಯಾಬ್ ತೆರೆಯದಿದ್ದರೆ ಮೂರು ಕಡೆ ನೋಡಿ: ವಿಂಡೋಸ್‌ನಲ್ಲಿ ಆ ವೈಫೈ ‘ಪ್ರೈವೇಟ್’ ಆಗಿರಬೇಕು, ಇಲ್ಲವಾದರೆ ಫೈರ್‌ವಾಲ್ ತಡೆಯುತ್ತದೆ, ಲ್ಯಾಪ್‌ಟಾಪಿನ ಐಪಿ ವಿಳಾಸ ಬದಲಾಗದಂತೆ ರೌಟರಿನಲ್ಲಿ ಕಾಯ್ದಿರಿಸಬೇಕು, ಸಿಮ್ ಇರುವ ಟ್ಯಾಬಿನಲ್ಲಿ ಮೊಬೈಲ್ ಡೇಟಾ ಆಫ್ ಇರಬೇಕು. 4 ಜಿಬಿ ಮೀರಿದ ಫೈಲ್ ಪೆನ್‌ಡ್ರೈವಿಗೆ ಹತ್ತದಿದ್ದರೆ ಆ ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ, ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿ.

ಆವೀಕರಣದ ಪಾಠಕ್ಕೆ ಸಾಣಿಕಟ್ಟಾದ ಉಪ್ಪಿನ ಆಗರದ ಚಿತ್ರ ಎರಡು ನಿಮಿಷ ತೋರಿಸಿ, ಸಂಬಂಧಿಸಿದ ಮೂರು ಪುಸ್ತಕಗಳ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯಿರಿ. ಆಗ ಗ್ರಂಥಾಲಯ ಪಾಠದೊಳಗೆ ಬರುತ್ತದೆ. 20 ನಿಮಿಷದ ವಿಡಿಯೋ ಹಾಕಿ ಕೂರಿಸುವುದು ಪಾಠವಲ್ಲ.

ಅಘನಾಶಿನಿ ಅಕ್ಕೋರು
ತುಂಬ ಉಪಕಾರ. ಹಾಗಾದರೆ ಗ್ರಂಥಾಲಯಗಳ ಉಚಿತ ಸಾಫ್ಟ್‌ವೇರ್ ಕೋಹಾ ಬೇಡವೇ? ಪ್ರೊಜೆಕ್ಟರಿನ ಲೆನ್ಸಿಗೆ ಬೂಸ್ಟು ಬರದಂತೆ ಏನು ಮಾಡಬೇಕು?

ಶಿರಸಿ ಗ್ರಂಥಪಾಲಕ
ಕೋಹಾ ಒಳ್ಳೆಯದೇ, ಆದರೆ ಲಿನಕ್ಸ್ ಬಲ್ಲವರೊಬ್ಬರು ಹತ್ತಿರದಲ್ಲಿದ್ದರೆ ಮಾತ್ರ ಹಾಕಿ. ಮಾರ್ಕ್‌ಎಡಿಟ್ ಎಂಬ ಸಾಫ್ಟ್‌ವೇರಿನಿಂದ ನಿಮ್ಮ ಹಾಳೆಯನ್ನು ಮಾರ್ಕ್ ರೂಪಕ್ಕೆ (ಗ್ರಂಥಾಲಯ ಸಾಫ್ಟ್‌ವೇರ್‌ಗಳು ಓದುವ ದಾಖಲೆಯ ರೂಪ) ತಂದು ಸೇರಿಸಬಹುದು. 952ನೇ ಫೀಲ್ಡಿನಲ್ಲಿ ಗ್ರಂಥಾಲಯದ ಸಂಕೇತ, ಬಾರ್‌ಕೋಡ್, ಐಟಂ ಬಗೆ ತುಂಬದಿದ್ದರೆ ಶೀರ್ಷಿಕೆ ಬರುತ್ತದೆ, ಎರವಲು ಕೊಡಲು ಪ್ರತಿಯೇ ಇರುವುದಿಲ್ಲ. ಕನ್ನಡದ ಹುಡುಕಾಟಕ್ಕೆ ಕೋಹಾದ ಹುಡುಕಾಟದ ಭಾಗವಾದ ಝೀಬ್ರಾವನ್ನು ಐಸಿಯು ವಿಧಾನಕ್ಕೆ (ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ನೋಡುವ ವಿಧಾನ) ಬದಲಿಸಿ ಇಂಡೆಕ್ಸನ್ನು ಪೂರ್ತಿ ಮತ್ತೆ ಕಟ್ಟಬೇಕು.

ಪ್ರೊಜೆಕ್ಟರನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಪಾಠ ಮುಗಿದ ಕೂಡಲೇ ಪ್ಲಗ್ ಕೀಳಬೇಡಿ, ಫ್ಯಾನ್ ನಿಲ್ಲುವವರೆಗೆ ಕಾಯಿರಿ. ಬಿಸಿಯಿರುವಾಗಲೇ ಡಬ್ಬಿಗೆ ಹಾಕುವುದೂ ಬೇಡ. ಗೋಡೆಗೆ ತಾಗಿದ ಕಪಾಟಿನ ತಳದ ಅಂಕಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿಯಿರಲಿ.