‘ನಾಲ್ಕಕ್ಕೆ ಒಂದು’ ಅಂದರೆ ಎಷ್ಟು? ಐದೆಲೆ ಆಟದ ಕೆಲವು ಪದಗಳು

ಗೆಳೆಯರೇ,

ಮನೆಮಂದಿ ಕೂತು ಆಡುವ ಐದೆಲೆ ಆಟಕ್ಕೆ ಕನ್ನಡದಲ್ಲಿ ಒಂದು ನಿಯಮದ ಹಾಳೆ ಬರೆಯುತ್ತಿದ್ದೇನೆ. ಪೋಕರ್ ತರಹದ ಆಟವೇ, ಆದರೆ ದುಡ್ಡಿಲ್ಲ, ಬರೀ ಬಿಲ್ಲೆ. ಹತ್ತು-ಹನ್ನೆರಡು ವರ್ಷದ ಮಕ್ಕಳೂ ಓದಿಕೊಂಡು ಆಡುವಂತಿರಬೇಕು. ಆಟದ ಕ್ರಮ ಬರೆಯುವುದು ಕಷ್ಟವಾಗಲಿಲ್ಲ. ಸಿಕ್ಕಿಕೊಂಡಿರುವುದು ಬೇಕಾದ ಎಲೆ ಬರುವ ಛಾನ್ಸ್ ಎಷ್ಟು ಅಂತ ಹೇಳುವ ಭಾಗದಲ್ಲಿ. ನನ್ನ ಮುಖ್ಯ ಪ್ರಶ್ನೆ ಇದು: ‘4ಕ್ಕೆ 1’ ಅಂತ ಬರೆದರೆ ನೀವು ಅದನ್ನು ಕಾಲು ಭಾಗ ಅಂತ ಓದುತ್ತೀರೋ, ಐದನೇ ಒಂದು ಭಾಗ ಅಂತ ಓದುತ್ತೀರೋ?

ಮೊದಲು ಆಟ ಹೇಳಿಬಿಡುತ್ತೇನೆ. 52 ಎಲೆಯ ಕಟ್ಟು. ಶುರುವಿಗೆ ಎಲ್ಲರೂ ನಡುವೆ ಒಂದೊಂದು ಬಿಲ್ಲೆ ಇಡುತ್ತಾರೆ. ಎಲೆ ಕಲಸಿ ಒಬ್ಬೊಬ್ಬರಿಗೆ ಐದೈದು ಹಂಚುವುದು. ನೋಡಿಕೊಂಡು ಒಂದು ಸುತ್ತು ಬಾಜಿ: ಆಟದಲ್ಲಿ ಉಳಿಯುವವರು ನಡುವಿನ ರಾಶಿಗೆ ಬಿಲ್ಲೆ ಹಾಕಬೇಕು, ಬೇಡವಾದವರು ಹೊರಬರಬಹುದು. ಆಮೇಲೆ ಬೇಡದ ಎಲೆ, ಹೆಚ್ಚೆಂದರೆ ಮೂರು, ಕೆಳಗೆ ಹಾಕಿ ಕಟ್ಟಿನಿಂದ ಅಷ್ಟೇ ಹೊಸ ಎಲೆ ತೆಗೆದುಕೊಳ್ಳಬಹುದು. ಮತ್ತೊಂದು ಸುತ್ತು ಬಾಜಿ. ಕೊನೆಗೆ ಉಳಿದವರು ಎಲೆ ತೋರಿಸುತ್ತಾರೆ. ದೊಡ್ಡ ಕೈ ಇದ್ದವರಿಗೆ ನಡುವಿನ ರಾಶಿ. ‘ಕೈ’ ಅಂದರೆ ಹಿಡಿದಿರುವ ಐದು ಎಲೆ. ‘ಒಂದು ಕೈ ಆಡೋಣ ಬನ್ನಿ’ ಅನ್ನುವಾಗ ಅದೇ ಮಾತು ಇಡೀ ಆಟಕ್ಕೂ ಸಲ್ಲುತ್ತದೆ. ಗೊಂದಲ ಬೇಡ ಅಂತ ಹಾಳೆಯಲ್ಲಿ ಹಿಡಿದ ಎಲೆಗೆ ಮಾತ್ರ ‘ಕೈ’ ಅಂದಿದ್ದೇನೆ, ಬಾಜಿಗೆ ‘ಸುತ್ತು’.

ಈಗ ಪ್ರಶ್ನೆಗೆ ಬರುತ್ತೇನೆ. ಕನ್ನಡದಲ್ಲಿ ‘ಕ್ಕೆ’ ಎರಡು ಕೆಲಸ ಮಾಡುತ್ತದೆ. ‘ಹತ್ತಕ್ಕೆ ಎಂಟು ಮಾರ್ಕ್ಸ್’, ‘ನೂರಕ್ಕೆ ನೂರು ನಿಜ’, ‘ಲಕ್ಷಕ್ಕೊಬ್ಬ’: ಇಲ್ಲೆಲ್ಲ ಮೊದಲಿನ ಸಂಖ್ಯೆ ಪೂರ್ತಿ ಮೊತ್ತ, ಎರಡನೆಯದು ಅದರೊಳಗಿನ ಪಾಲು. ಆದರೆ ‘ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು’ ಅಂದಾಗ ಮೊತ್ತ ಐದು. ಒಂದು ಇನ್ನೊಂದರೊಳಗೆ ಇಲ್ಲ, ಎರಡೂ ಬೇರೆ ಬೇರೆ, ಅಕ್ಕಪಕ್ಕ ಇಟ್ಟು ಅಳೆದಿದ್ದು. ದಿನದ ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಯಾವುದು ಅಂತ ಸಂದರ್ಭವೇ ಹೇಳುತ್ತದೆ. ಎಲೆಯಾಟದಲ್ಲಿ ಮಾತ್ರ ಎರಡೂ ಅರ್ಥ ಒಂದೇ ಜಾಗದಲ್ಲಿ ಬಂದು ಕೂರುತ್ತವೆ. ಪೋಕರ್ ಆಡುವವರು ಛಾನ್ಸನ್ನು ಹೇಳುವುದೇ ಸಿಮೆಂಟು-ಮರಳಿನ ಲೆಕ್ಕದಲ್ಲಿ: ಸೋಲುವ ಸಲ ಇಷ್ಟು, ಗೆಲ್ಲುವ ಸಲ ಇಷ್ಟು.

ಒಂದು ಕೈ ಹತ್ತಿರದಿಂದ ನೋಡೋಣ. ನಿಮ್ಮ ಹತ್ತಿರ ನಾಲ್ಕು ಆಟೀನು ಇವೆ, ಐದನೆಯದು ಕೆಲಸಕ್ಕೆ ಬಾರದ ಒಂದು ಕಳಾವರ್. ಅದನ್ನು ಹಾಕಿ ಒಂದು ಎಲೆ ಎಳೆಯಬೇಕು. ಇನ್ನೊಂದು ಆಟೀನು ಬಂದರೆ ಕಲರ್, ಅಂದರೆ ಐದೂ ಎಲೆ ಒಂದೇ ಗುರುತಿನವು, ಆಗುತ್ತದೆ. ನೀವು ನೋಡದ ಎಲೆ 47. ಅದರಲ್ಲಿ ಆಟೀನು 9, ಬೇರೆಯವು 38. ಅಂದರೆ 47ರಲ್ಲಿ 9, ಶೇಕಡಾ 19ರ ಆಸುಪಾಸು. ಪೋಕರಿನವರು ಇದನ್ನೇ 38ಕ್ಕೆ 9 ಅನ್ನುತ್ತಾರೆ. ಚಿಕ್ಕದು ಮಾಡಿದರೆ ಹೆಚ್ಚುಕಮ್ಮಿ ನಾಲ್ಕಕ್ಕೆ ಒಂದು, ಸರಿಯಾಗಿ ಹೇಳಬೇಕೆಂದರೆ 4.2ಕ್ಕೆ 1.

ಈಗ ಮಾರ್ಕ್ಸಿನ ಲೆಕ್ಕದಲ್ಲಿ ಓದುವ ಹುಡುಗಿಯೊಬ್ಬಳು ಈ ‘ನಾಲ್ಕಕ್ಕೆ ಒಂದು’ ನೋಡಿದಳು ಅಂತಿಟ್ಟುಕೊಳ್ಳಿ. ಅವಳಿಗೆ ಅದು ಶೇಕಡಾ 25. ನಡುವೆ 12 ಬಿಲ್ಲೆ ಇದೆ, ಆಟದಲ್ಲಿ ಉಳಿಯಲು ಅವಳು 3 ಹಾಕಬೇಕು. ಕಲರ್ ಆದರೆ ಗೆದ್ದ ಹಾಗೇ ಅಂತ ಇಟ್ಟುಕೊಳ್ಳೋಣ, ಆಮೇಲಿನ ಸುತ್ತಿನ ಬಾಜಿ ಬಿಟ್ಟುಬಿಡೋಣ. ನಾಲ್ಕು ಸಲದಲ್ಲಿ ಒಂದು ಸಲ 12 ಬರುತ್ತದೆ, ಮೂರು ಸಲ 3ರಂತೆ 9 ಹೋಗುತ್ತದೆ, ಲಾಭವೇ ಅಲ್ವಾ ಅಂತ ಹಾಕುತ್ತಾಳೆ. ನಿಜವಾದ ಲೆಕ್ಕ ಬೇರೆ. 47 ಸಲ ಹೀಗೇ ಆದರೆ 9 ಸಲ 12ರಂತೆ 108 ಬಿಲ್ಲೆ ಬರುತ್ತದೆ, 38 ಸಲ 3ರಂತೆ 114 ಹೋಗುತ್ತದೆ. ಆರು ಬಿಲ್ಲೆ ನಷ್ಟ. ನಡುವೆ 12ರ ಬದಲು 13 ಇದ್ದಿದ್ದರೆ 117 ಬಂದು 114 ಹೋಗುತ್ತಿತ್ತು, ಆಗ ಹಾಕುವುದು ಸರಿ. ಇಷ್ಟು ಸಣ್ಣ ಅಂತರದ ಮೇಲೆ ನಿಂತಿರುವ ತೀರ್ಮಾನ ಇದು. ಹಾಳೆಯಲ್ಲಿರುವ ಒಂದು ‘ಕ್ಕೆ’ ಅದನ್ನು ತಲೆಕೆಳಗು ಮಾಡಬಹುದು. ಅದಕ್ಕೇ ಇಷ್ಟು ತಲೆಕೆಡಿಸಿಕೊಂಡಿರುವುದು.

ಎಲ್ಲ ಕಡೆಯೂ ‘ರಲ್ಲಿ’ ಬಳಸಿಬಿಡಬಹುದಲ್ಲ ಅಂತ ನೀವು ಕೇಳಬಹುದು. ‘47ರಲ್ಲಿ 9’ ಅನ್ನುವುದನ್ನು ಯಾರೂ ತಪ್ಪಾಗಿ ಓದುವುದಿಲ್ಲ, ಅದು ನಿಜ. ಆದರೆ ರಾಶಿಯನ್ನೂ ಬಾಜಿಯನ್ನೂ ಹೋಲಿಸುವಾಗ ಅಕ್ಕಪಕ್ಕದ ಲೆಕ್ಕವೇ ಅನುಕೂಲ. ರಾಶಿ 12, ಹಾಕಬೇಕಾದ್ದು 3, ಅಂದರೆ ನಾಲ್ಕು ಪಟ್ಟು. ಒದಗದ ಎಲೆ 38, ಒದಗುವ ಎಲೆ 9, ಅಂದರೆ 4.2 ಪಟ್ಟು. ರಾಶಿಯ ಪಟ್ಟು ಕಮ್ಮಿ ಇದ್ದರೆ ಎಲೆ ಕೆಳಗಿಟ್ಟು ಹೊರಬಾ, ಜಾಸ್ತಿ ಇದ್ದರೆ ಬಿಲ್ಲೆ ಹಾಕು. ಇಷ್ಟನ್ನು ಒಂದು ಮಗು ಬಾಯಿಲೆಕ್ಕದಲ್ಲೇ ಮಾಡುತ್ತದೆ. ಶೇಕಡಾ ತೆಗೆಯುತ್ತಾ ಕೂತರೆ ಆಟವೇ ನಿಂತುಹೋಗುತ್ತದೆ.

ಹಾಗಾಗಿ ನನ್ನ ಒಲವು ‘ಒದಗುವುದು 9, ಒದಗದ್ದು 38’ ಅಂತ ಎರಡನ್ನೂ ಬಾಯಿಬಿಟ್ಟು ಹೇಳುವ ಕಡೆಗಿದೆ. ಮೊದಲು ‘ಕೂಡುವುದು, ಕೂಡದ್ದು’ ಅಂತ ಯೋಚಿಸಿದ್ದೆ. ಆದರೆ ನಿಯಮದ ಹಾಳೆಯಲ್ಲಿ ‘ಕೂಡದು’ ಕಂಡರೆ ಓದುವವರು ಹಾಗೆ ಮಾಡಬಾರದು ಅಂತಲೇ ತಿಳಿಯುತ್ತಾರೆ. ‘ಒದಗು’ ಸ್ವಲ್ಪ ಪುಸ್ತಕದ ಮಾತಾಯಿತೇನೋ ಅನ್ನುವ ಅಳುಕಿದೆ. ‘ಬರುವುದು, ಬಾರದ್ದು’ ಇನ್ನೂ ಸರಳ, ಆದರೆ ಎಳೆದಾಗ ಏನೋ ಒಂದು ಎಲೆ ಬಂದೇ ಬರುತ್ತದಲ್ಲ. ಬೇಕಾದದ್ದು ಬರುವುದು ಅನ್ನುವ ಅರ್ಥ ‘ಒದಗು’ವಿನಲ್ಲಿ ತಾನಾಗಿಯೇ ಇದೆ. ಗಣಿತದ ಪಾಠದ ‘ಸಂಭವನೀಯತೆ’ ಇಲ್ಲಿ ಬೇಡ. ಆ ಮಾತು ಮೊತ್ತದೊಳಗಿನ ಪಾಲನ್ನು ಹೇಳುತ್ತದೆ, ಅಕ್ಕಪಕ್ಕದ ಲೆಕ್ಕವನ್ನಲ್ಲ.

ಗೆದ್ದವರಿಗೆ ಕೊಡುವ ಮಾತಿನಲ್ಲೂ ಇದೇ ತೊಡಕು. ‘ಒಂದಕ್ಕೆ ನಾಲ್ಕು ಕೊಡ್ತೀನಿ’ ಅಂದರೆ ನಾನು ಇಟ್ಟ ಒಂದೂ ಸೇರಿ ನಾಲ್ಕೋ, ಇಟ್ಟ ಒಂದು ವಾಪಸ್ ಬಂದು ಅದರ ಮೇಲೆ ನಾಲ್ಕೋ? ಸುಮ್ನೆ ‘ಮೇಲೆ ನಾಲ್ಕು’ ಅಂತ ಒಂದು ಪದ ಸೇರಿಸಿದರೆ ಜಗಳ ತಪ್ಪುತ್ತದೆ ಅಂತ ನನ್ನ ಅನಿಸಿಕೆ.

ಎರಡನೆಯ ವಿಷಯ ಬಣ್ಣ. ಐದೂ ಎಲೆ ಆಟೀನು, ಇಲ್ಲಾ ಐದೂ ಇಸ್ಪೀಟು ಆದರೆ ಅದನ್ನು ‘ಕಲರ್’ ಅನ್ನುವುದು ರೂಢಿ. ಆಡಿ ಗೊತ್ತಿರುವವರಿಗೆ ಕಲರ್ ಅಂದರೆ ಏನು ಅಂತ ಹೇಳಬೇಕಿಲ್ಲ. ಅದನ್ನು ಕನ್ನಡ ಮಾಡಲು ಹೋಗಿ ‘ಒಂದೇ ಬಣ್ಣದ ಐದು ಎಲೆ’ ಅಂತ ಬರೆದರೆ ಹೊಸಬರು ಏನು ಮಾಡುತ್ತಾರೆ? ಕಟ್ಟಿನಲ್ಲಿ ಕಣ್ಣಿಗೆ ಕಾಣುವ ಬಣ್ಣ ಎರಡೇ, ಕೆಂಪು ಮತ್ತು ಕಪ್ಪು. ಆಟೀನು, ಡೈಮನ್ ಎರಡೂ ಕೆಂಪು. ಎರಡೂ ಬೆರೆತ ಐದು ಕೆಂಪು ಎಲೆ ಹಿಡಿದು ಮಗು ಗೆದ್ದೆ ಅಂತ ಕುಣಿಯುತ್ತದೆ. ಐದೆಲೆಯ ಕೈಗಳು ಒಟ್ಟು 25,98,960. ಅದರಲ್ಲಿ ಐದೂ ಕೆಂಪು ಅಥವಾ ಐದೂ ಕಪ್ಪು ಆಗುವಂಥವು 1,31,560, ಸುಮಾರು 20ರಲ್ಲಿ 1. ಐದೂ ಒಂದೇ ಗುರುತಿನವು 5,148 ಮಾತ್ರ, ಸುಮಾರು 505ರಲ್ಲಿ 1. ಇಪ್ಪತ್ತೈದು ಪಟ್ಟು ವ್ಯತ್ಯಾಸ! ಹಾಗಾಗಿ ‘ಬಣ್ಣ’ ನನಗೆ ಒಪ್ಪಿಗೆಯಿಲ್ಲ. ‘ಒಂದೇ ಜಾತಿ’ ಅನ್ನುವವರೂ ಇದ್ದಾರೆ, ಲೆಕ್ಕಕ್ಕೆ ಅದು ಸರಿಯೇ. ಮಕ್ಕಳ ಹಾಳೆಗೆ ‘ಒಂದೇ ಗುರುತು’ ಹೆಚ್ಚು ಹೊಂದುತ್ತದೆ ಅನಿಸಿ ಅದನ್ನೇ ಬರೆದು, ಪಕ್ಕದಲ್ಲಿ ‘ಕಲರ್’ ಅಂತಲೂ ಉಳಿಸಿದ್ದೇನೆ.

ಉಳಿದ ಕೈಗಳ ಹೆಸರು ಸುಲಭ. ಜೋಡಿ, ಎರಡು ಜೋಡಿ, ತ್ರಿವಳಿ (ಒಂದೇ ಅಂಕಿಯ ಮೂರು ಎಲೆ), ಸಾಲು (ಒಂದರ ಮುಂದೊಂದು ಅಂಕಿಯ ಎಲೆಗಳು). ಸಾಲಿನಲ್ಲಿ ಎಕ್ಕ ಎರಡು ತುದಿಯಲ್ಲೂ ಕೂರುತ್ತದೆ: ಎಕ್ಕದಿಂದ 5ರವರೆಗೆ, ಅಥವಾ 10ರಿಂದ ಎಕ್ಕದವರೆಗೆ. ರಾಣಿ, ರಾಜ, ಎಕ್ಕ, 2, 3 ಅಂತ ಸುತ್ತಿಕೊಂಡು ಬರುವಂತಿಲ್ಲ. ‘ಫುಲ್‌ಹೌಸ್’ ಮಾತ್ರ ಸ್ವಲ್ಪ ಕಾಟ ಕೊಟ್ಟಿತು. ತಂಬೋಲದ ಫುಲ್‌ಹೌಸ್ ಮಕ್ಕಳಿಗೆ ಗೊತ್ತು, ಅದೇ ಬೇರೆ. ‘ತುಂಬಿದ ಮನೆ’ ಅಂದರೆ ಎಲೆಯ ಬಗ್ಗೆ ಏನೂ ತಿಳಿಯುವುದಿಲ್ಲ. ‘ತ್ರಿವಳಿ-ಜೋಡಿ’ ಅಂದರೆ ಹೆಸರಲ್ಲೇ ಎಲ್ಲ ಇದೆ.

ಮೂರೆಲೆ (ತೀನ್ ಪತ್ತಿ) ಆಡಿ ಬಂದವರು ಕೇಳುವ ಒಂದು ಪ್ರಶ್ನೆಗೂ ಹಾಳೆಯಲ್ಲಿ ಜಾಗ ಬೇಕು. ಅಲ್ಲಿ ಸಾಲು ಕಲರ್‌ಗಿಂತ ದೊಡ್ಡದು, ಇಲ್ಲಿ ಯಾಕೆ ಕಲರ್ ದೊಡ್ಡದು? ಮೂರೆಲೆಯಲ್ಲಿ ಕೈಗಳು 22,100. ಸಾಲು 720, ಕಲರ್ 1,096. ಐದೆಲೆಯಲ್ಲಿ ಸಾಲು 10,200, ಕಲರ್ 5,108. ಇವೆರಡರಲ್ಲೂ ಒಂದೇ ಗುರುತಿನ ಸಾಲನ್ನು ಸೇರಿಸಿಲ್ಲ, ಅದಕ್ಕೆ ಬೇರೆಯೇ ಸ್ಥಾನ. ಮೂರೆಲೆಯಲ್ಲಿ ಸಾಲು ಅಪರೂಪ, ಐದೆಲೆಯಲ್ಲಿ ಕಲರ್ ಅಪರೂಪ.

ಇದನ್ನು ವಿವರಿಸುತ್ತಾ ‘ಅಪರೂಪದ ಕೈಯೇ ದೊಡ್ಡ ಕೈ’ ಅಂತ ಹಾಳೆಯಲ್ಲಿ ಬರೆದೆ. ಚೆಂದದ ನಿಯಮ, ನೆನಪಿಡಲೂ ಸುಲಭ. ಆದರೆ ಮನೆಯಾಟದಲ್ಲಿ ಒಂದು ಜೋಕರ್ ಸೇರಿಸುವುದು ಮಾಮೂಲು, ಅದು ಬಂದ ಕೂಡಲೇ ಈ ವಾಕ್ಯ ನಿಲ್ಲುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಈ ಲೆಕ್ಕ ನನಗೆ ತುಂಬಾ ಇಷ್ಟ. ಜೋಕರ್ ಇಲ್ಲದಾಗ ಎರಡು ಜೋಡಿಯ ಕೈ 1,23,552, ತ್ರಿವಳಿಯದು 54,912. ತ್ರಿವಳಿ ಅಪರೂಪ, ಅದೇ ದೊಡ್ಡದು, ಸರಿ. ಯಾವ ಎಲೆಯಾದರೂ ಆಗಬಲ್ಲ ಒಂದು ಜೋಕರ್ ಹಾಕಿ. ಒಂದು ಜೋಡಿಯ ಜೊತೆ ಜೋಕರ್ ಬಂದಿರುವ ಕೈ 82,368 ಹುಟ್ಟುತ್ತವೆ. ಹಿಡಿದವರು ಜೋಕರನ್ನು ಜೋಡಿಗೆ ಸೇರಿಸಿ ತ್ರಿವಳಿ ಮಾಡಿಕೊಳ್ಳುತ್ತಾರೆ, ಅದು ದೊಡ್ಡದಲ್ಲವೇ. ಈಗ ತ್ರಿವಳಿ 1,37,280 ಆಯಿತು, ಎರಡು ಜೋಡಿ 1,23,552ರಲ್ಲೇ ನಿಂತಿತು. ಎರಡು ಜೋಡಿಯೇ ಅಪರೂಪ! ಹಾಗಾದರೆ ಅದನ್ನೇ ದೊಡ್ಡದು ಮಾಡೋಣ ಅಂದರೆ, ಅದೇ 82,368 ಕೈಯವರು ಜೋಕರನ್ನು ಇನ್ನೊಂದು ಎಲೆಗೆ ಜೋಡಿ ಮಾಡಿ ಎರಡು ಜೋಡಿ ಅಂತ ತೋರಿಸುತ್ತಾರೆ. ಎರಡು ಜೋಡಿ 2,05,920 ಆಗುತ್ತದೆ, ತ್ರಿವಳಿ 54,912ಕ್ಕೆ ಇಳಿಯುತ್ತದೆ. ಯಾವುದನ್ನು ದೊಡ್ಡದು ಅಂದರೂ ಅದೇ ಹೆಚ್ಚು ಸಿಗುವ ಕೈ ಆಗಿಬಿಡುತ್ತದೆ. ಲೆಕ್ಕ ಎಷ್ಟೇ ಸರಿಯಿದ್ದರೂ ಇದಕ್ಕೆ ದಾರಿಯಿಲ್ಲ. ಹಾಗಾಗಿ ‘ದೊಡ್ಡ ಕೈ’ ಅನ್ನುವುದಕ್ಕೆ ಹಾಳೆಯಲ್ಲಿ ಬೇರೆ ಅರ್ಥ ಕೊಡಬೇಕಾಯಿತು: ಹಾಳೆಯಲ್ಲಿರುವ ಕೈಗಳ ಪಟ್ಟಿಯಲ್ಲಿ ಮೇಲಿರುವ ಕೈ ದೊಡ್ಡದು. ಅಪರೂಪದ ಮಾತನ್ನು ಜೋಕರ್ ಇಲ್ಲದ ಆಟಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ಬಾಜಿ ಹಾಕದೆ ಆಟದಿಂದ ಹೊರಬರುವುದಕ್ಕೆ ಏನನ್ನಬೇಕು? ‘ಎಲೆ ಮಡಚು’ ಅಂತ ಎಲ್ಲೋ ಓದಿದ್ದೆ, ನಿಜವಾಗಿ ಮಡಚಿದರೆ ಎಲೆ ಹಾಳು. ಮೂರೆಲೆಯಲ್ಲಿ ‘ಪ್ಯಾಕ್’, ರಮ್ಮಿಯಲ್ಲಿ ‘ಡ್ರಾಪ್’ ಅನ್ನುತ್ತಾರೆ. ನಾನು ಹಾಳೆಯಲ್ಲಿ ಸದ್ಯಕ್ಕೆ ‘ಎಲೆ ಇಡು’ ಅಂತ ಬರೆದಿದ್ದೇನೆ. ‘ಕೈಬಿಡು’ ಇನ್ನೂ ಚೆನ್ನಾಗಿದೆ ಅನಿಸುತ್ತದೆ, ಹಿಡಿದ ಎಲೆಗೆ ‘ಕೈ’ ಅಂತ ಆಗಲೇ ಹೇಳಿರುವುದರಿಂದ. ‘ನಾನು ಕೈಬಿಟ್ಟೆ’ ಅಂತ ಆಟದ ನಡುವೆ ಹೇಳಿದರೆ ನಿಮಗೆ ಸಹಜವಾಗಿ ಕೇಳಿಸುತ್ತದೆಯೇ?

ಎಲೆಯಾಟ ಬಲ್ಲವರು, ಗಣಿತ ಕಲಿಸುವವರು ಇಬ್ಬರೂ ಹೇಳಿ. ಮುಖ್ಯವಾಗಿ ಬೇಕಿರುವುದು ಮೊದಲ ಪ್ರಶ್ನೆಗೆ ಉತ್ತರ. ‘ಒದಗುವುದು 9, ಒದಗದ್ದು 38’ ಅನ್ನುವುದಕ್ಕಿಂತ ಗಿಡ್ಡದಾದ, ಆದರೂ ಎರಡರ್ಥ ಬಾರದ ಮಾತು ನಿಮ್ಮ ಬಾಯಲ್ಲಿದ್ದರೆ ಅದನ್ನೇ ಹಾಳೆಗೆ ಹಾಕುತ್ತೇನೆ.