ತೋಟದ ಪಂಪಿನ ಪೆಟ್ಟಿಗೆಯೊಳಗೆ ಯಾವ ಆರ್‌ಟಿಒಎಸ್ (ಚಿಪ್ಪಿನ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ) ಇರಬೇಕು: ನಮ್ಮ ಮನೆಯ ಗುಂಪಿನ ಚರ್ಚೆ

ಕಾರವಾರದ ಅತ್ತೆ (ಫಾರ್ವರ್ಡ್): ಎಚ್ಚರಿಕೆ! 2026ರ ಜುಲೈ ತಿಂಗಳಿನಿಂದ ಪುಕ್ಕಟೆ ಆರ್‌ಟಿಒಎಸ್‌ಗಳೆಲ್ಲವೂ ಬಂದ್ ಆಗಲಿವೆ. ಅವುಗಳ ಮೇಲೆ ನಡೆಯುವ ಮೀಟರು, ಸೆನ್ಸಾರು, ಪಂಪಿನ ಪೆಟ್ಟಿಗೆಗಳು ನಿಂತುಹೋಗುತ್ತವೆ. ಇಂದೇ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಗೆ ಬದಲಾಯಿಸಿಕೊಳ್ಳಿರಿ. ಎಲ್ಲ ಗುಂಪುಗಳಿಗೂ ಕಳುಹಿಸಿರಿ.

ಕಾರವಾರದ ಅತ್ತೆ: ಕೂಸೇ, ಶಿರಸಿ ತೋಟದ ಪಂಪಿಗೆ ನೀನು ಮಾಡಿಕೊಟ್ಟ ಪೆಟ್ಟಿಗೆಯಲ್ಲಿಯೂ ಇದೇ ಇದೆಯೆಂದು ಹೇಳಿದ್ದೆಯಲ್ಲವೇ? ಬೇಸಿಗೆಯಲ್ಲಿ ಅದು ನಿಂತರೆ ತೋಟದ ಗತಿಯೇನು?

ಶಿರಸಿ ದೊಡ್ಡಪ್ಪ: ನಾನು ಆಗಲೇ ಹೇಳಿದ್ದೆ. ಪುಕ್ಕಟೆಯಾಗಿ ಬಂದದ್ದಕ್ಕೆ ಯಾರೂ ಜವಾಬ್ದಾರರಾಗುವುದಿಲ್ಲ. ಹಣ ಕೊಟ್ಟು ತಂದ ವಸ್ತುವಾದರೆ ಕೇಳಲಿಕ್ಕೆ ಒಬ್ಬ ಧಣಿಯಾದರೂ ಇರುತ್ತಾನೆ. ಈಗಿನವರಿಗೆ ಈ ಮಾತು ರುಚಿಸುವುದಿಲ್ಲ.

ಕುಮಟಾ ಭಾವ: ಇದನ್ನು ಬರೆದವರು ಯಾರು, ಯಾವ ಸಂಸ್ಥೆ ಯಾವಾಗ ಪ್ರಕಟಿಸಿದೆ ಎಂಬುದು ಸಂದೇಶದಲ್ಲಿ ಎಲ್ಲಿಯೂ ಇಲ್ಲ. ಆಧಾರವಿಲ್ಲದೆ ನಂಬುವುದು ಹೇಗೆ? ಇನ್ನು ಧಣಿಯ ಮಾತಿಗೆ ಬಂದರೆ, ಹಿಂದೆ ಕೂಡು ಹಣದಿಂದ ತಂದ ಸ್ಟಾರ್ಟರ್ ಪ್ಯಾನೆಲ್ಲಿಗೂ ಒಬ್ಬ ಧಣಿ ಇದ್ದ. ಬೋರ್ಡು ಸುಟ್ಟ ಮೇಲೆ ಆ ಕಂಪನಿ ಫೋನು ಎತ್ತಲಿಲ್ಲ.

ಶಿರಸಿ ದೊಡ್ಡಪ್ಪ: ಆ ಪ್ಯಾನೆಲ್ಲನ್ನು ನಾನೊಬ್ಬನೇ ಆರಿಸಲಿಲ್ಲ. ಆ ದಿನ ನೀವೂ ಅಂಗಡಿಗೆ ಬಂದಿದ್ದಿರಿ.

ನಾನು: ಪ್ಯಾನೆಲ್ಲಿನ ವಿಷಯವನ್ನು ಆಮೇಲೆ ಮಾತನಾಡೋಣ; ಮೊದಲು ಅತ್ತೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಸಂದೇಶದಲ್ಲಿ ಒಂದು ನಿಜ ಅಡಗಿದೆ. ಚಿಪ್ಪುಗಳ ವಿನ್ಯಾಸ ಮಾಡುವ ಆರ್ಮ್ ಸಂಸ್ಥೆಯು ತನ್ನ ಎಂಬೆಡ್ ಓಎಸ್ ಎಂಬ ವ್ಯವಸ್ಥೆಯ ನಿರ್ವಹಣೆಯನ್ನು 2026ರ ಜುಲೈಯಲ್ಲಿ ಕೊನೆಗೊಳಿಸುವುದಾಗಿ 2024ರಲ್ಲಿಯೇ ತಿಳಿಸಿತ್ತು. ಅದು ಒಂದು ವ್ಯವಸ್ಥೆಯ ಮಾತು, ಎಲ್ಲವುಗಳದ್ದಲ್ಲ. ಅದನ್ನು ಬಳಸಿದ ಸಾಧನಗಳು ಕೂಡ ಆ ದಿನ ನಿಲ್ಲುವುದಿಲ್ಲ. ಚಿಪ್ಪಿನೊಳಗೆ ಬರೆದಿಟ್ಟ ಪ್ರೋಗ್ರಾಂ ಹಾಗೆಯೇ ನಡೆಯುತ್ತದೆ, ಹೊಸ ತಿದ್ದುಪಡಿಗಳು ಮಾತ್ರ ಬರುವುದಿಲ್ಲ. ನಮ್ಮ ಪೆಟ್ಟಿಗೆಯಲ್ಲಿರುವುದು ಇಎಸ್‌ಪಿ32 ಚಿಪ್ಪು. ಅದನ್ನು ತಯಾರಿಸುವವರೇ ಕೊಡುವ ತಂತ್ರಾಂಶವು ಫ್ರೀಆರ್‌ಟಿಒಎಸ್ ಎಂಬ ಪುಕ್ಕಟೆ ಆರ್‌ಟಿಒಎಸ್ ಮೇಲೆ ನಿಂತಿದೆ. ರಿಚರ್ಡ್ ಬ್ಯಾರಿ ಎಂಬವರು 2003ರಲ್ಲಿ ಆರಂಭಿಸಿದ ಇದನ್ನು 2017ರಿಂದ ಅಮೆಜಾನ್ ನೋಡಿಕೊಳ್ಳುತ್ತಿದೆ. ಯಾರು ಬೇಕಾದರೂ ಬಳಸಬಹುದೆನ್ನುವ ಎಂಐಟಿ ಲೈಸೆನ್ಸ್ ಇರುವುದರಿಂದ, ನಾಳೆ ಅಮೆಜಾನ್ ಕೈಬಿಟ್ಟರೂ ನಮ್ಮಲ್ಲಿರುವ ಮೂಲ ಕೋಡನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಶಿರಸಿ ದೊಡ್ಡಪ್ಪ: ಆದರೂ ದುಡ್ಡು ಕೊಟ್ಟದ್ದು ಗಟ್ಟಿಯಾಗಿರುತ್ತದೆ ಎಂಬುದನ್ನು ನೀನು ಅಲ್ಲಗಳೆಯಲಿಲ್ಲ.

ನಾನು: ಈಗ ಅಲ್ಲಗಳೆಯುತ್ತೇನೆ, ದೊಡ್ಡಪ್ಪ. 1997ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯಲ್ಲಿ ಇದ್ದದ್ದು ಹಣ ಕೊಟ್ಟು ಕೊಳ್ಳುವ ವಿಎಕ್ಸ್‌ವರ್ಕ್ಸ್ ಎಂಬ ಆರ್‌ಟಿಒಎಸ್. ಆದರೂ ನೌಕೆಯ ಕಂಪ್ಯೂಟರು ತಾನಾಗಿಯೇ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಹವಾಮಾನದ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಕೆಲಸವು ಒಂದು ಬೀಗವನ್ನು (ಹಂಚಿಕೊಂಡ ವಸ್ತುವನ್ನು ಒಮ್ಮೆಗೆ ಒಂದೇ ಕೆಲಸ ಬಳಸುವಂತೆ ತಡೆಯುವ ಏರ್ಪಾಡು) ಹಿಡಿದುಕೊಂಡಿರುವಾಗ, ಅದೇ ಬೀಗಕ್ಕಾಗಿ ಅತ್ಯಂತ ತುರ್ತಿನ ಕೆಲಸವೊಂದು ಕಾಯುತ್ತಿತ್ತು. ಅಷ್ಟರಲ್ಲಿ ನಡುವಿನ ಆದ್ಯತೆಯ ಕೆಲಸಗಳು ನುಗ್ಗಿ, ಬೀಗ ಹಿಡಿದವನಿಗೆ ಅದನ್ನು ಬಿಟ್ಟುಕೊಡುವಷ್ಟು ಸಮಯವನ್ನೂ ಕೊಡುತ್ತಿರಲಿಲ್ಲ. ತುರ್ತಿನ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡು ವ್ಯವಸ್ಥೆ ತನ್ನನ್ನೇ ರೀಸೆಟ್ ಮಾಡಿಕೊಳ್ಳುತ್ತಿತ್ತು. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಹೆಚ್ಚಿನ ಆದ್ಯತೆ ಕೊಡುವ ಸೌಲಭ್ಯ ವಿಎಕ್ಸ್‌ವರ್ಕ್ಸ್‌ನಲ್ಲಿಯೇ ಇತ್ತು. ಆ ಬೀಗಕ್ಕೆ ಅದನ್ನು ಚಾಲೂ ಮಾಡಿರಲಿಲ್ಲ, ಅಷ್ಟೆ. ಭೂಮಿಯಿಂದಲೇ ಅದನ್ನು ಸರಿಪಡಿಸಿದರು. ನಮ್ಮ ಪೆಟ್ಟಿಗೆಯಲ್ಲಿ ಇಂತಹ ಕಡೆಗಳಲ್ಲಿ ನಾನು ಮ್ಯೂಟೆಕ್ಸ್ ಎಂಬ ಬಗೆಯ ಬೀಗವನ್ನು ಬಳಸಿದ್ದೇನೆ, ಏಕೆಂದರೆ ಫ್ರೀಆರ್‌ಟಿಒಎಸ್‌ನ ಮ್ಯೂಟೆಕ್ಸಿಗೆ ಆ ಸೌಲಭ್ಯವಿದೆ, ಬೈನರಿ ಸೆಮಾಫೋರ್ ಎಂಬ ಇನ್ನೊಂದು ಬಗೆಗೆ ಇಲ್ಲ. ಧಣಿಯ ಮಾತಿಗೂ ಒಂದು ಉದಾಹರಣೆ ಇದೆ: ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕಾಗಿದ್ದ ಥ್ರೆಡ್‌ಎಕ್ಸ್ ಎಂಬ ಆರ್‌ಟಿಒಎಸ್ಸನ್ನು 2019ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, 2023ರಲ್ಲಿ ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಿತು. ಈಗ ಅದೂ ಎಂಐಟಿ ಲೈಸೆನ್ಸಿನಲ್ಲಿ ಎಲ್ಲರಿಗೂ ಉಚಿತವಾಗಿದೆ.

ಅಂಕೋಲೆಯ ಅಣ್ಣ: ಅಜ್ಜನ ಕಾಲದಲ್ಲಿ ಗುಡ್ಡದ ನೀರು ಅಡಿಕೆ ದಬ್ಬೆಯಲ್ಲಿ ಹರಿದು ತಾನಾಗಿಯೇ ಬರುತ್ತಿತ್ತು. ಮೋಟಾರೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಆಮೇಲೆ ಪಂಪು ಬಂತು. ತ್ರೀ ಫೇಸ್ ಬರುವುದು ನಡುರಾತ್ರಿಯಾದ್ದರಿಂದ, ಟಾರ್ಚು ಹಿಡಿದು ಕೆರೆಗೆ ಇಳಿಯುವ ಕೆಲಸ ಪ್ರತಿ ರಜೆಯಲ್ಲಿಯೂ ನನ್ನ ಪಾಲಿಗೇ ಬರುತ್ತಿತ್ತು. ಉಳಿದವರೆಲ್ಲ ಮಲಗಿರುತ್ತಿದ್ದರು.

ಶಿರಸಿ ದೊಡ್ಡಪ್ಪ: ರಜೆಯಲ್ಲಿ ನೀನು. ವರ್ಷದ ಉಳಿದ ದಿನಗಳಲ್ಲಿ ಇಳಿದವರು ಯಾರೆಂದು ನಿನ್ನ ಅಪ್ಪನನ್ನು ಕೇಳು.

ಕುಮಟಾ ಭಾವ: ನನ್ನ ಪ್ರಶ್ನೆ ಬೇರೆ. ಒಂದು ಪಂಪನ್ನು ಹಚ್ಚಿ ಆರಿಸಲು ಆಪರೇಟಿಂಗ್ ಸಿಸ್ಟಂ ಏಕೆ ಬೇಕು? ಒಂದರ ನಂತರ ಒಂದು ಕೆಲಸವನ್ನು ಸುತ್ತಿ ಸುತ್ತಿ ಮಾಡುವ ಚಿಕ್ಕ ಪ್ರೋಗ್ರಾಂ ಸಾಲದೇ?

ಇಡೀ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದು. ರಾತ್ರಿ ಇಳಿದವರ ಲೆಕ್ಕದ ನಡುವೆ ಅದು ಮೇಲೆ ಸರಿದುಹೋಗುತ್ತಿತ್ತು, ಆದ್ದರಿಂದ ನಾನು ಅದನ್ನೇ ಹಿಡಿದು ಉತ್ತರಿಸಿದೆ.

ನಾನು: ಭಾವ, ನೀರಿನ ಮಟ್ಟ ನೋಡಿ ಪಂಪು ಆರಿಸುವುದಷ್ಟೇ ಕೆಲಸವಾಗಿದ್ದರೆ ನಿಮ್ಮ ಮಾತೇ ಸರಿ, ಅದಕ್ಕೆ ಯಾವ ಓಎಸ್ಸೂ ಬೇಡ. ಆದರೆ ಈ ಪೆಟ್ಟಿಗೆ ಮೂರು ಫೇಸುಗಳನ್ನೂ ಕಾಯುತ್ತದೆ. ಒಂದು ಫೇಸ್ ಹೋದರೆ ಮೋಟಾರು ಉಳಿದ ಎರಡರ ಮೇಲೆಯೇ ತಿರುಗಲು ಹೆಣಗಿ, ಹೆಚ್ಚು ಕರೆಂಟು ಎಳೆದು, ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಅದೇ ಹೊತ್ತಿಗೆ ಪೆಟ್ಟಿಗೆಯು ದೊಡ್ಡಪ್ಪನ ಫೋನಿಗೆ ಸುದ್ದಿ ಕಳುಹಿಸಲು ನೆಟ್‌ವರ್ಕನ್ನು ಹುಡುಕುತ್ತಿದ್ದರೆ, ನಮ್ಮ ಕಣಿವೆಯಲ್ಲಿ ಅದು ಎಷ್ಟು ಹೊತ್ತು ಹಿಡಿಯುತ್ತದೆಯೆಂದು ನಿಮಗೂ ಗೊತ್ತು. ಸುತ್ತುವ ಪ್ರೋಗ್ರಾಮನ್ನು ಬಹಳ ಜಾಗ್ರತೆಯಿಂದ ಬರೆಯದಿದ್ದರೆ ಫೇಸಿನ ಸರದಿ ನೆಟ್‌ವರ್ಕ್ ಸಿಗುವ ತನಕ ಬರುವುದೇ ಇಲ್ಲ. ಆರ್‌ಟಿಒಎಸ್ ಇದ್ದರೆ ಫೇಸ್ ಕಾಯುವ ಕೆಲಸವು ನೆಟ್‌ವರ್ಕಿನ ಕೆಲಸವನ್ನು ನಡುವಿನಲ್ಲಿಯೇ ನಿಲ್ಲಿಸಿ ಪಂಪನ್ನು ಆರಿಸುತ್ತದೆ. ರಿಯಲ್ ಟೈಮ್ ಎಂದರೆ ಅತಿ ವೇಗವೆಂದಲ್ಲ, ಎಂತಹ ಕೆಟ್ಟ ಸಂದರ್ಭದಲ್ಲಿಯೂ ಹೇಳಿದ ಗಡುವಿನೊಳಗೆ ಕೆಲಸ ಮುಗಿಯುತ್ತದೆ ಎಂಬ ಭರವಸೆ. ಯಾವ ವ್ಯವಸ್ಥೆಯನ್ನು ಆರಿಸಬೇಕೆಂಬ ವಿಚಾರವನ್ನು ಆ ಗಡುವಿನಿಂದಲೇ ಆರಂಭಿಸಬೇಕು, ಬೆಲೆಯಿಂದಲ್ಲ.

ನಾನು: ಅಡಿಕೆ ಒಣಗಿಸುವ ಮನೆಗೆ ಬ್ಯಾಟರಿಯ ಮೇಲೆ ನಡೆಯುವ ತೇವಾಂಶದ ಸೆನ್ಸಾರುಗಳನ್ನು ಮಾಡುವಾಗ ನಾನು ಬೇರೆಯದನ್ನೇ ಆರಿಸಲಿದ್ದೇನೆ. ಅಲ್ಲಿ ಬ್ಲೂಟೂತ್ ಬೇಕು, ಚಿಪ್ಪು ಹೆಚ್ಚು ಹೊತ್ತು ಮಲಗಿರಬೇಕು. ಲಿನಕ್ಸ್ ಫೌಂಡೇಶನ್ 2016ರಲ್ಲಿ ಆರಂಭಿಸಿದ ಝೆಫಿರ್ ಎಂಬ ಆರ್‌ಟಿಒಎಸ್‌ನಲ್ಲಿ ಬ್ಲೂಟೂತ್ ಮತ್ತು ಅನೇಕ ಸೆನ್ಸಾರುಗಳ ಡ್ರೈವರುಗಳು (ಅವುಗಳನ್ನು ನಡೆಸುವ ಪ್ರೋಗ್ರಾಂಗಳು) ಜೊತೆಯಲ್ಲಿಯೇ ಬರುತ್ತವೆ. ಫ್ರೀಆರ್‌ಟಿಒಎಸ್‌ನ ತಿರುಳು ಚಿಕ್ಕದು. ಡ್ರೈವರುಗಳನ್ನು ನಾವು ಬೇರೆ ಕಡೆಯಿಂದ ಹೊಂದಿಸಿಕೊಳ್ಳಬೇಕು. ಝೆಫಿರ್ ಕಲಿಯುವುದು ಮಾತ್ರ ಕಷ್ಟ. ಬೋರ್ಡಿನ ವಿವರಗಳನ್ನು ಡಿವೈಸ್‌ಟ್ರೀ ಎಂಬ ಪ್ರತ್ಯೇಕ ಕಡತದಲ್ಲಿ ಬರೆಯಬೇಕಾಗುತ್ತದೆ.

ಕುಮಟಾ ಭಾವ: ಗಡುವಿನ ಮಾತನ್ನು ಒಪ್ಪಿದೆ. ಪ್ಯಾನೆಲ್ಲಿನ ಹಣದ ಮಾತು ಹಾಗೆಯೇ ಉಳಿದಿದೆ.

ಕಾರವಾರದ ಅತ್ತೆ: ನಾನು ಅದನ್ನು ಆಗಲೇ ಮಹಿಳಾ ಮಂಡಳದ ಗುಂಪಿಗೂ ಕಳುಹಿಸಿಬಿಟ್ಟಿದ್ದೇನೆ. ಈಗ ಏನೆಂದು ಬರೆಯಲಿ?

ನಾನು: ಹೀಗೆ ಬರೆಯಿರಿ, ಅತ್ತೆ: "ನಿರ್ವಹಣೆ ಕೊನೆಗೊಳ್ಳುವುದು ಆರ್ಮ್ ಸಂಸ್ಥೆಯ ಎಂಬೆಡ್ ಓಎಸ್ ಒಂದರದ್ದು ಮಾತ್ರ. ಮನೆಯಲ್ಲಿರುವ ಸಾಧನಗಳು ಅದರಿಂದ ನಿಲ್ಲುವುದಿಲ್ಲ. ಮೊದಲು ಕಳುಹಿಸಿದ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿರಿ."

ಶಿರಸಿ ದೊಡ್ಡಪ್ಪ: ನಿನ್ನ ಬರಹವನ್ನು ಎರಡು ಸಲ ಓದಿದೆ. ಒಂದು ಮಾತು ಉಳಿಯಿತು. ಅಮೆಜಾನ್ ಇರಲಿ, ಬಿಡಲಿ. ನೀನು ಬೆಂಗಳೂರಿನಲ್ಲಿರುವಾಗ ಈ ಪೆಟ್ಟಿಗೆ ಕೆಟ್ಟರೆ ಇಲ್ಲಿ ನೋಡುವವರು ಯಾರು?

ನಾನು: ಈ ತಿಂಗಳು ಬರುವಾಗ ಮೂಲ ಕೋಡಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಒಂದು ಬಿಡಿ ಬೋರ್ಡು ಮತ್ತು ವೈರಿಂಗ್ ನಕ್ಷೆಯ ಜೊತೆಗೆ ತರುತ್ತೇನೆ. ಅಂಕೋಲೆಯ ಅಣ್ಣನ ಮಗ ಡಿಪ್ಲೊಮಾ ಓದುತ್ತಿದ್ದಾನಲ್ಲ, ಅವನನ್ನೂ ಕರೆಸಿರಿ. ಹಳೆಯ ಬೋರ್ಡನ್ನು ತೆಗೆದು ಹೊಸದಕ್ಕೆ ಪ್ರೋಗ್ರಾಂ ಹಾಕುವುದನ್ನು ಅವನ ಕೈಯಿಂದಲೇ ಮಾಡಿಸುತ್ತೇನೆ.

ಅಂಕೋಲೆಯ ಅಣ್ಣ: ಕಳುಹಿಸುತ್ತೇನೆ. ಆದರೆ ಹಗಲಿನಲ್ಲಿ.